ರಾತ್ರಿ ಬೈಕ್ ಒಂದೇ ಇದ್ದರೆ ಸಿಗ್ನಲ್ ಬಿಡುವುದೇ ಇಲ್ಲ, ಏನು ಮಾಡಬೇಕು?

ರಾತ್ರಿಪಾಳಿ (ಬೆಳಗಾವಿ):

ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ನನ್ನ ಕೆಲಸ. ಸೆಕೆಂಡ್ ಶಿಫ್ಟ್ ಇದ್ದಾಗ ಮನೆಗೆ ಹೊರಡುವುದು ನಡುರಾತ್ರಿ ಹೊತ್ತಿಗೆ. ದಾರಿಯಲ್ಲಿ ಒಳರಸ್ತೆಯಿಂದ ದೊಡ್ಡ ರಸ್ತೆಗೆ ಬಲಕ್ಕೆ ಹೊರಳುವ ಕಡೆ ಒಂದು ಸಿಗ್ನಲ್ ಇದೆ. ಹಗಲು ಏನೂ ತೊಂದರೆ ಇಲ್ಲ. ರಾತ್ರಿ ನಾನೊಬ್ಬನೇ ಬೈಕಿನ ಮೇಲೆ ನಿಂತಿದ್ದರೆ ಮಾತ್ರ ಕೆಂಪು ಹೋಗುವುದೇ ಇಲ್ಲ. ದೊಡ್ಡ ರಸ್ತೆಗೆ ಹಸಿರು ಹಾಗೇ ಉರಿಯುತ್ತಿರುತ್ತದೆ, ಅಲ್ಲಿ ನರಪಿಳ್ಳೆಯೂ ಇರುವುದಿಲ್ಲ. ಹಿಂದಿನಿಂದ ಒಂದು ಕಾರೋ ಟೆಂಪೋನೋ ಬಂದು ನಿಂತರೆ ಸ್ವಲ್ಪ ಹೊತ್ತಿನಲ್ಲೇ ಬಿಡುತ್ತದೆ. ಇದನ್ನು ಮತ್ತೆ ಮತ್ತೆ ನೋಡಿದ್ದೇನೆ.

ಜೊತೆಗೆ ಕೆಲಸ ಮಾಡುವವರು ‘ಸುಮ್ನೆ ಹೊಡ್ಕೊಂಡು ಹೋಗು, ಯಾರು ನೋಡ್ತಾರೆ’ ಎನ್ನುತ್ತಾರೆ. ನನಗೆ ಮನಸ್ಸಿಲ್ಲ. ರಾತ್ರಿ ಆ ರಸ್ತೆಯಲ್ಲಿ ಖಾಲಿ ಲಾರಿಗಳು ಬರುವ ಜೋರು ನೋಡಿದವರಿಗೆ ಯಾಕೆ ಅಂತ ಗೊತ್ತು. ಒಬ್ಬರು ಬೈಕಿನ ತೂಕ ಸಾಲದು, ಅದಕ್ಕೇ ಗೊತ್ತಾಗುವುದಿಲ್ಲ ಎಂದರು. ಇನ್ನೊಬ್ಬರು ಹಳೆಯ ಸ್ಪೀಕರಿನ ಮ್ಯಾಗ್ನೆಟ್ ಇಂಜಿನ್ ಕೆಳಗೆ ಅಂಟಿಸು ಎಂದರು. ಇದರಲ್ಲಿ ಯಾವುದು ನಿಜ? ನನ್ನದು ಹಳೆಯ ಸ್ಪ್ಲೆಂಡರ್, ಕಡ್ಡಿ ಚಕ್ರದ್ದು.

ಕಂಬದ ಕೆಲಸ (ಹುಬ್ಬಳ್ಳಿ–ಬೆಳಗಾವಿ):

ಸಿಗ್ನಲ್ ರಿಪೇರಿ ನಮ್ಮ ಹೊಟ್ಟೆಪಾಡು, ಅದಕ್ಕೆ ಉತ್ತರ ಕೊಡುತ್ತೇನೆ. ಮ್ಯಾಗ್ನೆಟ್ಟು ಆಮೇಲೆ ಇರಲಿ ತಮ್ಮಾ, ಮೊದಲು ಅದು ಯಾವ ಜಾತಿಯ ಸಿಗ್ನಲ್ ಅಂತ ಪತ್ತೆ ಹಚ್ಚು. ನಮ್ಮ ಕಡೆ ಊರುಗಳಲ್ಲಿ ಜಾಸ್ತಿ ಸಿಗ್ನಲ್‌ಗಳು ಬರೀ ಗಡಿಯಾರದ ಮೇಲೆ ಓಡುತ್ತವೆ. ಈ ಕಡೆಗೆ ಇಷ್ಟು ಸೆಕೆಂಡ್, ಆ ಕಡೆಗೆ ಇಷ್ಟು ಸೆಕೆಂಡ್ ಅಂತ ಪೆಟ್ಟಿಗೆಯೊಳಗೆ ಬರೆದಿಟ್ಟಿರುತ್ತೇವೆ. ಕೆಳಗೆ ಆನೆ ನಿಂತರೂ ಸೈಕಲ್ ನಿಂತರೂ ಅದಕ್ಕೆ ಒಂದೇ. ಅಂಥ ಕಡೆ ಬೈಕ್ ಸಲುವಾಗಿ ತಡ ಆಗುವ ಪ್ರಶ್ನೆಯೇ ಬರುವುದಿಲ್ಲ, ದೀಪ ತನ್ನ ಹೊತ್ತಿಗೆ ಬಿಡುತ್ತದೆ.

ಪರೀಕ್ಷೆ ಸುಲಭ. ಮೊಬೈಲ್ ಹಿಡಿದು ರಸ್ತೆ ಬದಿಗೆ ಗಾಡಿ ನಿಲ್ಲಿಸಿ ಆ ಕೆಂಪು ಎಷ್ಟು ಹೊತ್ತು ಇರುತ್ತದೆ ಎಂದು ಅಳೆ. ಪ್ರತಿ ಸಲ ಅಷ್ಟೇ ಬಂದರೆ ಗಡಿಯಾರದ್ದು. ಗಾಡಿ ಇದ್ದಾಗ ಒಂದು ಲೆಕ್ಕ, ಇಲ್ಲದಾಗ ಒಂದು ಲೆಕ್ಕ ಬಂದರೆ ಎಲ್ಲೋ ಸೆನ್ಸರ್ ಇದೆ. ಕೌಂಟ್‌ಡೌನ್ ಅಂಕಿ ನೆಟ್ಟಗೆ ಇಳಿಯುತ್ತಾ ಸೊನ್ನೆಗೆ ಬರುವ ಸಿಗ್ನಲ್ ಆದರೆ ಬಹುತೇಕ ಗಡಿಯಾರದ್ದೇ ಅಂದುಕೋ.

ಸೆನ್ಸರ್ ಇದ್ದರೆ ಮೇಲೊಮ್ಮೆ ಕೆಳಗೊಮ್ಮೆ ನೋಡು. ಮೇಲೆ ಕಂಬದ ತೋಳಿನ ಮೇಲೆ ನಿನ್ನ ಕಡೆಗೇ ಮುಖ ಮಾಡಿದ ಸಣ್ಣ ಕ್ಯಾಮೆರಾ ಇರಬಹುದು. ಎಲ್ಲಾ ಕ್ಯಾಮೆರಾವೂ ಇದಕ್ಕೇ ಇರುವುದಿಲ್ಲ, ನಂಬರ್ ಪ್ಲೇಟ್ ಹಿಡಿಯುವ ಕ್ಯಾಮೆರಾ, ಪೊಲೀಸರು ನೋಡುವ ಕ್ಯಾಮೆರಾ ಬೇರೆ. ಕೆಳಗೆ ಸ್ಟಾಪ್ ಲೈನಿನ ಹಿಂದೆ ಡಾಂಬರಿನಲ್ಲಿ ಕಟರ್‌ನಿಂದ ಕೊಯ್ದು ಮತ್ತೆ ಕಪ್ಪಗೆ ತುಂಬಿದ ಚೌಕದ ಗೆರೆ ಕಂಡರೆ ಅಲ್ಲಿ ವೈರು ಹೂತಿದ್ದಾರೆ ಎಂದು ಅರ್ಥ. ಅದು ನಮ್ಮಲ್ಲಿ ಕಡಿಮೆ. ನೀರಿನ ಪೈಪು, ಕೇಬಲ್ಲು ಅಂತ ರಸ್ತೆ ಅಗೆಯುತ್ತಲೇ ಇರುತ್ತಾರೆ, ಒಂದು ಸಲ ಗುದ್ದಲಿ ಬಿದ್ದರೆ ವೈರು ಕತ್ತರಿಸಿತು. ಅದೂ ಅಲ್ಲದೆ ನಮ್ಮ ಗಾಡಿಗಳು ಲೇನ್ ಹಿಡಿದು ನಿಲ್ಲುವುದಿಲ್ಲ. ಅದಕ್ಕೇ ಹೊಸದಾಗಿ ಹಾಕುವ ಕಡೆ ಕ್ಯಾಮೆರಾ ಕಡೆಗೆ ಒಲವು ಜಾಸ್ತಿ. ಬೆಂಗಳೂರಿನಲ್ಲಿ ಈಚೆಗೆ ಹಾಕಿದ ಅಡಾಪ್ಟಿವ್, ಅಂದರೆ ಗಾಡಿ ಎಷ್ಟಿವೆ ನೋಡಿ ಹೊತ್ತು ತಾನೇ ಹೊಂದಿಸಿಕೊಳ್ಳುವ ಸಿಗ್ನಲ್‌ಗಳು, ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಮಾಡಿದ ಕೊಸಿಕಾಸ್ಟ್ ಎಂಬ ಲೆಕ್ಕಾಚಾರದ ಮೇಲೆ ಓಡುತ್ತವೆ, ಅಲ್ಲಿ ಗಾಡಿ ಎಣಿಸುವುದು ಕ್ಯಾಮೆರಾನೇ.

ಈಗ ಮುಖ್ಯ ವಿಷಯ. ಕ್ಯಾಮೆರಾ ಆಗಲಿ ವೈರು ಆಗಲಿ, ಅದು ನೋಡುವ ಜಾಗ ಸ್ಟಾಪ್ ಲೈನಿನ ಹಿಂದೆ ಇರುತ್ತದೆ. ಸಿಗ್ನಲ್ ಹಾಕುವವರು ಚಿತ್ರದ ಮೇಲೆ ಒಂದು ಚೌಕ ಎಳೆದು ‘ಇದರೊಳಗೆ ಗಾಡಿ ಬಂದರೆ ಲೆಕ್ಕಕ್ಕೆ ತಗೋ’ ಎಂದು ಹೇಳಿರುತ್ತಾರೆ. ನಮ್ಮ ಬೈಕಿನವರು ಏನು ಮಾಡುತ್ತಾರೆ? ಗೆರೆ ದಾಟಿ ಝೀಬ್ರಾ ಮೇಲೆ, ಇನ್ನೂ ಮುಂದೆ ಬಂದು ನಿಲ್ಲುತ್ತಾರೆ. ಅಲ್ಲಿ ನಿಂತವನು ಸಿಗ್ನಲ್ ಪಾಲಿಗೆ ಇಲ್ಲವೇ ಇಲ್ಲ. ಜಾಸ್ತಿ ಕಡೆ ಗಾಡಿ ಚೌಕ ಬಿಟ್ಟು ಹೋದ ಕೂಡಲೇ ಅದರ ಬೇಡಿಕೆಯೂ ಅಳಿಸಿಹೋಗುವ ಹಾಗೆ ಸೆಟ್ ಮಾಡಿರುತ್ತಾರೆ. ಅಂದರೆ ಸರಿಯಾಗಿ ನಿಂತವನು ಬೇಜಾರಾಗಿ ಎರಡು ಹೆಜ್ಜೆ ಮುಂದೆ ಜರುಗಿದರೂ ಸಾಕು, ಮತ್ತೆ ಮೊದಲಿನಿಂದ.

ಸರ್ಕ್ಯೂಟ್ ಮೇಷ್ಟ್ರು (ಬಾಗಲಕೋಟೆ):

ಮೇಲಿನವರು ಹೇಳಿದ್ದು ಸರಿ ಇದೆ. ನಾನು ಎಲೆಕ್ಟ್ರಾನಿಕ್ಸ್ ಪಾಠ ಮಾಡುವವನು, ವೈರಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ತೂಕದ ಮಾತು, ಮ್ಯಾಗ್ನೆಟ್ ಮಾತು ಎರಡೂ ಇಲ್ಲಿಂದಲೇ ಹುಟ್ಟುವುದು.

ತೂಕಕ್ಕೆ ಒಂದು ಹಳೆಯ ಆಧಾರ ಇದೆ. ಗಾಡಿ ನೋಡಿ ಬಿಡುವ ಸಿಗ್ನಲ್ ಮೊದಲು ಬಂದದ್ದು 1928ರಲ್ಲಿ, ಅಮೆರಿಕದ ಬಾಲ್ಟಿಮೋರ್ ಊರಿನಲ್ಲಿ. ಚಾರ್ಲ್ಸ್ ಆಡ್ಲರ್ ಎಂಬುವರು ಮಾಡಿದ್ದು. ಅದಕ್ಕೆ ಹಾರ್ನ್ ಹೊಡೆಯಬೇಕಿತ್ತು, ಕಂಬದ ಮೈಕು ಸದ್ದು ಕೇಳಿ ದೀಪ ಬದಲಿಸುತ್ತಿತ್ತು. ಅಕ್ಕಪಕ್ಕದ ಮನೆಯವರ ಗತಿ ನೀವೇ ಊಹಿಸಿ. ಆಮೇಲೆ ರಸ್ತೆಯಲ್ಲಿ ಒತ್ತಿದರೆ ಕೆಲಸ ಮಾಡುವ ತಟ್ಟೆಗಳು ಬಂದವು. ಅವು ನಿಜವಾಗಿಯೂ ತೂಕ ನೋಡುತ್ತಿದ್ದವು. 1960ರ ದಶಕದಲ್ಲಿ ವೈರಿನ ಸುರುಳಿ ಬಂತು, ನಿಧಾನಕ್ಕೆ ತಟ್ಟೆಗಳು ಹೋದವು. ತೂಕದ ಮಾತು ಮಾತ್ರ ಉಳಿದುಕೊಂಡಿದೆ. ಈಗಿನ ಸುರುಳಿಗೆ ತೂಕ ಗೊತ್ತೇ ಆಗುವುದಿಲ್ಲ.

ಅದು ಕೆಲಸ ಮಾಡುವ ರೀತಿ ಹೀಗೆ. ರಸ್ತೆಯಲ್ಲಿ ಕೊಯ್ದ ಗೆರೆಯೊಳಗೆ ತಾಮ್ರದ ವೈರನ್ನು ಕೆಲವು ಸುತ್ತು ಹಾಕಿರುತ್ತಾರೆ. ಅದರಲ್ಲಿ ಸೆಕೆಂಡಿಗೆ ಹತ್ತಾರು ಸಾವಿರ ಸಲ ದಿಕ್ಕು ಬದಲಿಸುವ ಸಣ್ಣ ಕರೆಂಟ್ ಹರಿಯುತ್ತದೆ. ಮೇಲೆ ಲೋಹ ಬಂದರೆ ಆ ಲೋಹದಲ್ಲೂ ಸುಳಿಯಂತೆ ಕರೆಂಟ್ ಹುಟ್ಟುತ್ತದೆ. ಈ ಸುಳಿ ಕರೆಂಟ್ ಸುರುಳಿಯ ಕಾಂತಕ್ಷೇತ್ರಕ್ಕೆ ಎದುರಾಗಿ ನಿಲ್ಲುತ್ತದೆ. ಸುರುಳಿಯ ಇಂಡಕ್ಟನ್ಸ್, ಅಂದರೆ ಕರೆಂಟಿನ ಬದಲಾವಣೆಗೆ ಅಡ್ಡಿ ಮಾಡುವ ಗುಣ, ಇಳಿಯುತ್ತದೆ, ಫ್ರೀಕ್ವೆನ್ಸಿ, ಅಂದರೆ ಸೆಕೆಂಡಿಗೆ ದಿಕ್ಕು ಬದಲಿಸುವ ಲೆಕ್ಕ, ಏರುತ್ತದೆ, ಪೆಟ್ಟಿಗೆಯಲ್ಲಿರುವ ಕಾರ್ಡ್ ಆ ಏರಿಕೆ ನೋಡಿ ಗಾಡಿ ಬಂತು ಎನ್ನುತ್ತದೆ. ಮನೆಯ ಇಂಡಕ್ಷನ್ ಒಲೆಯ ಒಳಗೂ ಇಂಥದೇ ಸುರುಳಿ ಇದೆ. ಆದರೆ ಒಂದು ವ್ಯತ್ಯಾಸ ನೋಡಿ. ಅಲ್ಯೂಮಿನಿಯಂ ಪಾತ್ರೆ ಇಂಡಕ್ಷನ್ ಒಲೆಯ ಮೇಲೆ ಬಿಸಿಯಾಗುವುದಿಲ್ಲ. ರಸ್ತೆಯ ಸುರುಳಿಗೆ ಅಲ್ಯೂಮಿನಿಯಂ ಚೆನ್ನಾಗಿಯೇ ಗೊತ್ತಾಗುತ್ತದೆ, ಯಾಕೆಂದರೆ ಅಲ್ಲಿ ಬೇಕಾದದ್ದು ಬಿಸಿ ಅಲ್ಲ, ಕರೆಂಟ್ ಸಲೀಸಾಗಿ ಹರಿಯುವುದು.

ಹಾಗಾದರೆ ಬೈಕ್ ಯಾಕೆ ಸಿಗುವುದಿಲ್ಲ? ಕಾರಿನ ತಳ ಅಗಲವಾದ ತಗಡು, ನೆಲಕ್ಕೆ ಹತ್ತಿರ, ಪೂರ್ತಿ ಸುರುಳಿಯ ಮೇಲೆ ಮಲಗಿದ ಹಾಗೆ ಇರುತ್ತದೆ. ಬೈಕ್ ತೆಳ್ಳಗೆ ನೆಟ್ಟಗೆ ನಿಂತಿರುತ್ತದೆ. ಸುರುಳಿಯ ನಟ್ಟನಡುವೆ ಕಾಂತಕ್ಷೇತ್ರ ಕೆಳಗಿನಿಂದ ಮೇಲಕ್ಕೆ ಏಳುತ್ತದೆ. ನೆಟ್ಟಗೆ ನಿಂತ ಚಕ್ರದ ಬಳೆಯೊಳಗೆ ಅದು ಹಾಯುವುದೇ ಇಲ್ಲ, ಪಕ್ಕದಿಂದ ಸವರಿಕೊಂಡು ಹೋಗುತ್ತದೆ. ವೈರಿನ ಮೇಲೆಯೇ ನೋಡಿದರೆ ಕ್ಷೇತ್ರ ವೈರನ್ನು ಸುತ್ತಿಕೊಂಡಿರುತ್ತದೆ, ಅಂದರೆ ಅಡ್ಡಕ್ಕೆ ಹರಿಯುತ್ತದೆ. ಚಕ್ರವನ್ನು ಆ ಗೆರೆಯ ಉದ್ದಕ್ಕೆ ಇಟ್ಟರೆ ಕ್ಷೇತ್ರ ನೇರವಾಗಿ ರಿಮ್ಮಿನೊಳಗೆ ಹಾಯುತ್ತದೆ. ರಿಮ್ ಒಂದು ಮುಚ್ಚಿದ ಲೋಹದ ಬಳೆ, ಅದರಲ್ಲಿ ಕರೆಂಟ್ ಸುತ್ತು ಹೊಡೆಯುತ್ತದೆ, ಸುರುಳಿಗೆ ಗೊತ್ತಾಗುತ್ತದೆ. ಕಡ್ಡಿ ಚಕ್ರವಾದರೂ ಅಲಾಯ್ ಆದರೂ ನಡೆಯುತ್ತದೆ. ನಿಮ್ಮ ಸ್ಪ್ಲೆಂಡರ್ ರಿಮ್ ಸಾಕು.

ಆದ್ದರಿಂದ ಚೌಕದ ನಡುವೆ ನಿಲ್ಲಬೇಡಿ. ಚೌಕದ ಎಡಗೆರೆಯೋ ಬಲಗೆರೆಯೋ, ನೀವು ಹೋಗುವ ದಿಕ್ಕಿಗೆ ಉದ್ದಕ್ಕೆ ಇರುವ ಗೆರೆಯ ಮೇಲೆ ಎರಡೂ ಚಕ್ರ ಬರುವ ಹಾಗೆ ನಿಲ್ಲಿ.

ಮ್ಯಾಗ್ನೆಟ್ ಹಣ ಉಳಿಸಿಕೊಳ್ಳಿ. ಸುರುಳಿ ಕೇಳುವುದು ಅಲುಗುವ ಕ್ಷೇತ್ರಕ್ಕೆ ಲೋಹ ಕೊಡುವ ಉತ್ತರವನ್ನು. ಸುಮ್ನೆ ಕುಳಿತ ಮ್ಯಾಗ್ನೆಟ್ಟಿನ ಕ್ಷೇತ್ರ ಅಲುಗುವುದಿಲ್ಲ. ಅಂಗೈಯಗಲದ ಒಂದು ಲೋಹದ ತುಂಡಿಗೆ ಎಷ್ಟು ಬೆಲೆಯೋ ಅಷ್ಟೇ ಅದಕ್ಕೂ, ಅಷ್ಟು ಲೋಹ ನಿಮ್ಮ ಗಾಡಿಯಲ್ಲಿ ಮೊದಲೇ ಇದೆ.

ಗುಮ್ಮಟದೂರಿನವಳು (ವಿಜಯಪುರ, ಈಗ ಕ್ಯಾಲಿಫೋರ್ನಿಯಾ):

ಸರ್ ಹೇಳಿದ ಗೆರೆಯ ವಿಷಯ ನಾನು ಇಲ್ಲಿ ದಿನಾ ಬಳಸುತ್ತೇನೆ. ಇಲ್ಲಿ ವೈರಿನ ಸುರುಳಿ ಎಲ್ಲಾ ಕಡೆ ಇದೆ, ಗಾಡಿ ಓಡುವುದು ಬಲಗಡೆ, ಹಾಗಾಗಿ ನಾವು ಸಿಕ್ಕಿಹಾಕಿಕೊಳ್ಳುವುದು ಎಡಕ್ಕೆ ಹೊರಳುವ ಲೇನಿನಲ್ಲಿ. ನಮ್ಮೂರಿನ ಬಲತಿರುವಿನ ಹಾಗೆ ಅಂದುಕೊಳ್ಳಿ.

ಎಲ್ಲಾ ಸುರುಳಿಯೂ ಒಂದೇ ಆಕಾರ ಇರುವುದಿಲ್ಲ. ಸಾದಾ ಚೌಕ ಇದ್ದರೆ ಪಕ್ಕದ ಗೆರೆ. ಎರಡು ಉದ್ದ ಚೌಕ ಅಕ್ಕಪಕ್ಕ ಜೋಡಿಸಿದ ಹಾಗೆ ನಡುವೆ ಒಂದು ಗೆರೆ ಇದ್ದರೆ ಆ ನಡುಗೆರೆಯ ಮೇಲೇ ನಿಲ್ಲಬೇಕು, ಅಲ್ಲಿ ಎರಡೂ ಕಡೆಯ ವೈರಿನ ಬಲ ಸೇರುತ್ತದೆ. ಮೂಲೆಯಿಂದ ಮೂಲೆಗೆ ಓರೆ ಗೆರೆ ಇರುವುದೂ ಇದೆ, ಅದು ಬೈಕ್ ಸೈಕಲ್ ಹಿಡಿಯಲಿ ಎಂದೇ ಮಾಡಿದ್ದು, ಅದರಲ್ಲಿ ಎಲ್ಲಿ ನಿಂತರೂ ಬಹಳ ವ್ಯತ್ಯಾಸ ಆಗುವುದಿಲ್ಲ. ದುಂಡಗಿನದು ಇದ್ದರೆ ಅಂಚು ಹಿಡಿದು ನಿಲ್ಲುತ್ತೇನೆ. ರಸ್ತೆಗೆ ಮತ್ತೆ ಡಾಂಬರು ಹಾಕಿದ ಮೇಲೆ ಗೆರೆ ಕಾಣುವುದಿಲ್ಲ, ಅದೊಂದು ಕಷ್ಟ.

ಇಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದ್ದಾರೆ. 2008ರಿಂದ ಈ ರಾಜ್ಯದಲ್ಲಿ ಹೊಸದಾಗಿ ಹಾಕುವ, ಬದಲಾಯಿಸುವ ಸೆನ್ಸರ್ ಬೈಕನ್ನೂ ಸೈಕಲನ್ನೂ ಗುರುತಿಸಲೇಬೇಕು ಎಂದು ಕಾನೂನು ಇದೆ. ಕೆಲವು ಕಡೆ ಎಲ್ಲಿ ನಿಂತರೆ ಸೆನ್ಸರಿಗೆ ಸಿಗುತ್ತದೆ ಎಂದು ರಸ್ತೆಯ ಮೇಲೆ ಸಣ್ಣ ಸೈಕಲ್ ಚಿತ್ರ ಬಿಡಿಸಿರುತ್ತಾರೆ. ಒಂದು ಡಬ್ಬಿ ಬಣ್ಣದ ಕೆಲಸ! ನಮ್ಮ ದೇಶದಲ್ಲಿ ನೋಂದಣಿಯಾದ ಗಾಡಿಗಳಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಮೂರು ಪಾಲು ಎರಡು ಚಕ್ರದವೇ. ನಮ್ಮ ಊರಿನಲ್ಲಿ ಬೈಕ್ ಕಾಣದ ಸೆನ್ಸರ್ ಹಾಕುವುದೆಂದರೆ ಊರಿನ ಬಹುಪಾಲು ಜನರನ್ನು ಲೆಕ್ಕದಿಂದ ಬಿಟ್ಟ ಹಾಗೆ ಅಲ್ವಾ? ವಿಜಯಪುರದಲ್ಲಿ ಗಾಂಧಿ ಚೌಕದ ಸುತ್ತ ಸಂಜೆ ಹೊತ್ತು ನಿಂತು ನೋಡಿ, ಬೈಕು ಸ್ಕೂಟಿ ಬಿಟ್ಟರೆ ಉಳಿಯುವುದೆಷ್ಟು.

ಇನ್ನೊಂದು. ಅಮೆರಿಕದ ಕೆಲವು ರಾಜ್ಯಗಳಲ್ಲಿ ದೀಪ ಬದಲಾಗದಿದ್ದರೆ ಬೈಕಿನವರು ನಿಂತು ನೋಡಿ ದಾಟಬಹುದು ಎಂಬ ಕಾನೂನೇ ಇದೆ. ಇಲಿನಾಯ್‌ನಲ್ಲಿ 2012ರಲ್ಲಿ ಬಂತು, ಕನಿಷ್ಠ 120 ಸೆಕೆಂಡ್ ಕಾಯಬೇಕು. ವರ್ಜೀನಿಯಾದಲ್ಲಿ 2 ನಿಮಿಷ, ಇಲ್ಲವೇ ದೀಪದ ಎರಡು ಸುತ್ತು. ಇದನ್ನು ಓದಿ ಬೆಳಗಾವಿಯಲ್ಲಿ ಯಾರೂ ಹಾಗೆ ಮಾಡಬೇಡಿ.

ಕಿಕ್ಕರ್ (ಬೆಳಗಾವಿ):

ಅಕ್ಕಾ ಹೇಳಿದ ಕೊನೆ ಮಾತಿಗೆ ನನ್ನದೊಂದು ಪ್ರಶ್ನೆ. ರಾತ್ರಿ ಹನ್ನೆರಡಕ್ಕೆ ದೀಪ ಕೆಟ್ಟಿದೆ ಎಂದು ಗೊತ್ತಿದ್ದೂ ಎಷ್ಟು ಹೊತ್ತು ನಿಲ್ಲಬೇಕು? ದೀಪಕ್ಕೆ ನಾವು ಕಾಣದಿದ್ದರೆ ಅದು ನಮ್ಮ ತಪ್ಪೇ? ಎರಡೂ ಕಡೆ ನೋಡಿಕೊಂಡು ಹೋದರೆ ಏನು ಅನಾಹುತ? ಮತ್ತೆ ಮ್ಯಾಗ್ನೆಟ್ ಹಾಕಿಕೊಂಡು ಸಿಗ್ನಲ್ ಬಿಟ್ಟಿತು ಎಂದು ಎಷ್ಟೋ ಜನ ವಿಡಿಯೋ ಹಾಕಿದ್ದಾರಲ್ಲ, ಅವರೆಲ್ಲ ಸುಳ್ಳು ಹೇಳುತ್ತಾರಾ?

ಸರ್ಕ್ಯೂಟ್ ಮೇಷ್ಟ್ರು (ಬಾಗಲಕೋಟೆ):

ಸುಳ್ಳು ಎನ್ನುವುದಿಲ್ಲ. ಮ್ಯಾಗ್ನೆಟ್ ಕೊಂಡವರು ಆ ದಿನದಿಂದ ಗೆರೆ ಹುಡುಕಿ ಸರಿಯಾಗಿ ನಿಲ್ಲಲು ಶುರು ಮಾಡುತ್ತಾರೆ. ಅಥವಾ ದೀಪದ ಸರದಿ ಹೇಗಿದ್ದರೂ ಬರುವುದಿತ್ತು. ಎರಡಕ್ಕೂ ಹೊಗಳಿಕೆ ಮ್ಯಾಗ್ನೆಟ್ಟಿಗೆ ಹೋಗುತ್ತದೆ. ಒಂದು ವಿಷಯ ಹೇಳಬೇಕು, ಭೂಮಿಯ ಕಾಂತಕ್ಷೇತ್ರ ಎಷ್ಟು ಕದಲಿತು ಎಂದು ನೋಡುವ ಬೇರೆ ಸೆನ್ಸರ್ ಇದೆ, ರಸ್ತೆಯಲ್ಲಿ ಸಣ್ಣ ಡಬ್ಬಿಯ ಹಾಗೆ ಹೂಳುತ್ತಾರೆ. ಅದಕ್ಕೆ ಕಬ್ಬಿಣ ಮುಖ್ಯ, ಮ್ಯಾಗ್ನೆಟ್ ಅದಕ್ಕೆ ಗೊತ್ತಾಗಬಹುದು. ಆದರೆ ನಿಮ್ಮ ಸಿಗ್ನಲ್ಲಿನಲ್ಲಿ ಅದಿದೆ ಎಂದು ಖಾತ್ರಿ ಇಲ್ಲದೆ ಇಂಜಿನ್ ಕೆಳಗೆ ಭಾರ ಕಟ್ಟಿಕೊಂಡು ತಿರುಗಬೇಡಿ. ಕಿತ್ತು ಚಕ್ರಕ್ಕೆ ಸಿಕ್ಕಿದರೆ ಕಷ್ಟ.

ಕಾನೂನಿನ ಮಾತು. ನಮ್ಮಲ್ಲಿ ಕಾದು ದಾಟುವ ಅನುಮತಿ ಇಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದಾಗ ಕೆಂಪು ದೀಪ ದಾಟುವುದನ್ನು ಹೆಸರು ಹೇಳಿ 184ನೇ ಸೆಕ್ಷನ್ನಿಗೆ, ಅಂದರೆ ಅಪಾಯದ ಚಾಲನೆಯ ಸೆಕ್ಷನ್ನಿಗೆ ಸೇರಿಸಿದರು. ಮೊದಲ ಸಲಕ್ಕೇ 1,000ದಿಂದ 5,000 ರೂಪಾಯಿ ದಂಡ ಅಥವಾ ಜೈಲು, ಅಥವಾ ಎರಡೂ ಎಂದು ಅಲ್ಲಿ ಬರೆದಿದೆ. ದಂಡ ಬಿಡಿ. ದೊಡ್ಡ ರಸ್ತೆಯವನಿಗೆ ಹಸಿರು ಕಾಣುತ್ತಿದೆ, ಅವನು ನಿಮ್ಮನ್ನು ನಿರೀಕ್ಷಿಸಿಯೇ ಇಲ್ಲ. ರಾತ್ರಿ ದೂರದ ಲಾರಿಯ ಎರಡು ದೀಪ ನೋಡಿ ಅದರ ವೇಗ ಅಳೆಯಲು ಯಾರಿಂದ ಆಗುತ್ತದೆ? ನನ್ನ ವಿದ್ಯಾರ್ಥಿಗಳಿಗೂ ಇದನ್ನೇ ಕೈಮುಗಿದು ಹೇಳುತ್ತೇನೆ.

ದಾರಿ ಇದೆ. ಎಡಕ್ಕೆ ಹೋಗಲು ಬಿಡುವ ಬೋರ್ಡ್ ಇದ್ದರೆ ಎಡಕ್ಕೆ ಹೋಗಿ ಮುಂದೆ ಯೂ-ಟರ್ನ್ ಸಿಗುವ ಕಡೆ ತಿರುಗಿ ಬನ್ನಿ. ಅದೂ ಇಲ್ಲದಿದ್ದರೆ ಇಂಜಿನ್ ಆಫ್ ಮಾಡಿ ಇಳಿದು, ರಸ್ತೆ ಪೂರ್ತಿ ಖಾಲಿ ಇದೆ ಎಂದು ನೋಡಿ, ಝೀಬ್ರಾ ಮೇಲೆ ನಡೆಯುವವರ ಹಾಗೆ ಗಾಡಿ ತಳ್ಳಿಕೊಂಡು ದಾಟಿ.

ರಾತ್ರಿಪಾಳಿ (ಬೆಳಗಾವಿ):

ಎಲ್ಲರಿಗೂ ಶರಣು. ಇಷ್ಟು ವಿವರ ಸಿಗುತ್ತದೆ ಎಂದುಕೊಂಡಿರಲಿಲ್ಲ. ಹಗಲು ಹೋಗಿ ನೋಡಿಕೊಂಡು ಬಂದೆ. ರಸ್ತೆಯಲ್ಲಿ ಕೊಯ್ದ ಗೆರೆ ಇಲ್ಲ. ಕಂಬದ ತೋಳಿನ ಮೇಲೆ ನಮ್ಮ ಲೇನಿನ ಕಡೆಗೆ ಮುಖ ಮಾಡಿದ ಸಣ್ಣ ಕ್ಯಾಮೆರಾ ಇದೆ. ಕೆಂಪಿನ ಹೊತ್ತು ಅಳೆದೆ, ಪ್ರತಿ ಸಲ ಬೇರೆ ಬರುತ್ತದೆ. ಹಾಗಾಗಿ ಸೆನ್ಸರ್ ಇದ್ದೇ ಇದೆ.

ಕಂಬದ ಕೆಲಸ ಅಣ್ಣಾ, ಒಂದು ಕೇಳಬೇಕು. ನಾನು ಸ್ಟಾಪ್ ಲೈನಿನ ಹಿಂದೆಯೇ ನಿಲ್ಲುತ್ತೇನೆ. ಆದರೆ ಪೆಟ್ರೋಲ್ ಉಳಿಯಲಿ ಎಂದು ಇಂಜಿನ್ ಆಫ್ ಮಾಡುತ್ತೇನೆ. ಅದರಿಂದ ಏನಾದರೂ ಆಗುತ್ತದೆಯೇ?

ಕಂಬದ ಕೆಲಸ (ಹುಬ್ಬಳ್ಳಿ–ಬೆಳಗಾವಿ):

ಆಗುತ್ತದೆ, ಅಲ್ಲೇ ಇರುವುದು ಗಂಟು! ಕತ್ತಲಲ್ಲಿ ಸಾದಾ ಕ್ಯಾಮೆರಾಕ್ಕೆ ಗಾಡಿಯ ಮೈ ಕಾಣುವುದಿಲ್ಲ, ಹೆಡ್‌ಲೈಟ್ ಕಾಣುತ್ತದೆ. ಹಳೆಯ ಸ್ಪ್ಲೆಂಡರಿನಲ್ಲಿ ಹೆಡ್‌ಲೈಟಿಗೆ ಕರೆಂಟ್ ಬರುವುದು ಬ್ಯಾಟರಿಯಿಂದ ಅಲ್ಲ, ನೇರವಾಗಿ ಇಂಜಿನ್ನಿನ ಕಾಯಿಲ್‌ನಿಂದ. ಇಂಜಿನ್ ನಿಂತರೆ ದೀಪವೂ ಹೋಯಿತು. ಐಡ್ಲಿಂಗಿನಲ್ಲಿಯೂ ಮಂಕಾಗುತ್ತದೆ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟರೆ ಬೆಳಗುತ್ತದೆ. 2017ರ ಏಪ್ರಿಲ್‌ನಿಂದ ಬಂದ ಹೊಸ ಗಾಡಿಗಳಲ್ಲಿ ಇಂಜಿನ್ ಓಡುವಷ್ಟು ಹೊತ್ತು ಹೆಡ್‌ಲೈಟ್ ತಾನೇ ಉರಿಯುತ್ತಿರುತ್ತದೆ, ಅಲ್ಲೂ ಎಷ್ಟೋ ಗಾಡಿಗಳಲ್ಲಿ ಇಂಜಿನ್ ನಿಂತರೆ ದೀಪ ಹೋಗುತ್ತದೆ. ರಾತ್ರಿ ಆ ಒಂದು ಸಿಗ್ನಲ್ಲಿನಲ್ಲಿ ಇಂಜಿನ್ ಚಾಲೂ ಇಡು, ಹೆಡ್‌ಲೈಟ್ ಹಾಕಿರು, ಗೆರೆಯ ಹಿಂದೆ ಲೇನಿನ ನಡುವೆ ನಿಲ್ಲು. ಎಡ ಅಂಚಿಗೆ ಒತ್ತಿ ನಿಂತರೆ ಚೌಕದಿಂದ ಹೊರಗೆ ಬೀಳುವ ಸಂಭವ ಜಾಸ್ತಿ. ದೀಪಕ್ಕೆ ಧೂಳು ಹಿಡಿದಿದ್ದರೆ ಒರೆಸು, ಫೌಂಡ್ರಿ ಕಡೆಯ ಗಾಡಿಗಳು ನನಗೆ ಗೊತ್ತು.

ರಾತ್ರಿಪಾಳಿ (ಬೆಳಗಾವಿ):

ಅಣ್ಣಾ, ನೀವು ಹೇಳಿದ ಹಾಗೆ ನಿಂತೆ. ಈಗ ಬಹಳ ಸಲ ಬಿಡುತ್ತಿದೆ. ಮಳೆ ಬಂದಾಗ ಮಾತ್ರ ಮತ್ತೆ ಅದೇ ಕತೆ. ನಮ್ಮ ಕಡೆ ಮಳೆ ಹಿಡಿದರೆ ಬಿಡುವುದು ಯಾವಾಗ ಎಂದು ನಿಮಗೆ ಗೊತ್ತೇ ಇದೆ. ಇದಕ್ಕೆ ದೂರು ಕೊಟ್ಟರೆ ಯಾರಾದರೂ ಕೇಳುತ್ತಾರಾ? ನಮ್ಮ ಶಿಫ್ಟಿನಲ್ಲಿ ಬೈಕಿನವರೇ ತುಂಬ, ಎಲ್ಲರಿಂದ ಸಹಿ ಹಾಕಿಸಿ ತರುತ್ತೇನೆ.

ಕಂಬದ ಕೆಲಸ (ಹುಬ್ಬಳ್ಳಿ–ಬೆಳಗಾವಿ):

ಕೊಡಲೇಬೇಕು. ಒದ್ದೆ ರಸ್ತೆಯಲ್ಲಿ ದೀಪದ ಬೆಳಕು ಉದ್ದಕ್ಕೆ ಹರಡುತ್ತದೆ, ಕ್ಯಾಮೆರಾ ಗಾಜಿನ ಮೇಲೆ ಹನಿ ಕೂಡುತ್ತದೆ, ಚಿತ್ರ ಕಲಸಿಹೋಗುತ್ತದೆ. ಅದನ್ನು ನೀನು ಸರಿಮಾಡಲು ಆಗುವುದಿಲ್ಲ, ನಾವೇ ಮಾಡಬೇಕು. ಗಾಜು ಒರೆಸುವುದು, ಚೌಕ ದೊಡ್ಡದು ಮಾಡುವುದು, ಸೆನ್ಸಿಟಿವಿಟಿ ಏರಿಸುವುದು, ಇದೆಲ್ಲ ಸಣ್ಣ ಕೆಲಸ. ಆದರೆ ಬೈಕ್ ಸಿಗುತ್ತಿಲ್ಲ ಎಂದು ಯಾರೂ ಹೇಳದಿದ್ದರೆ ನಮಗೆ ಗೊತ್ತಾಗುವುದೇ ಇಲ್ಲ. ನಾವು ಪರೀಕ್ಷೆಗೆ ಹೋಗುವುದು ಜೀಪಿನಲ್ಲಿ, ಅದೂ ಹಗಲು, ಆಗ ಎಲ್ಲಾ ಸರಿ ಇರುತ್ತದೆ. ಒಂದು ವೇಳೆ ಸೆನ್ಸರ್ ಪೂರ್ತಿ ಸತ್ತರೆ ಸಾಮಾನ್ಯವಾಗಿ ಪೆಟ್ಟಿಗೆ ಆ ಕಡೆ ಯಾವಾಗಲೂ ಗಾಡಿ ಇದೆ ಎಂದು ತಿಳಿದು ಪ್ರತಿ ಸುತ್ತಿಗೂ ಬಿಡುತ್ತದೆ. ಕಾರಿಗೆ ಬಿಟ್ಟು ಬೈಕಿಗೆ ಬಿಡದಿದ್ದರೆ ಅದು ಸೆಟ್ಟಿಂಗ್ ತೊಂದರೆ. ಈ ಮಾತನ್ನು ಅರ್ಜಿಯಲ್ಲಿ ಹೀಗೇ ಬರೆ, ಓದುವವನಿಗೆ ಕೂಡಲೇ ತಿಳಿಯುತ್ತದೆ.

‘ಸಿಗ್ನಲ್ ಕೆಟ್ಟಿದೆ’ ಎಂದು ಬರೆದರೆ ಯಾರೋ ಹಗಲು ಬಂದು ನೋಡಿ ಸರಿ ಇದೆ ಎಂದು ಬರೆದು ಹೋಗುತ್ತಾರೆ. ಜಂಕ್ಷನ್ ಹೆಸರು, ಯಾವ ರಸ್ತೆಯಿಂದ ಯಾವ ಕಡೆ ಹೊರಳುವಾಗ, ರಾತ್ರಿ ಎಷ್ಟರಿಂದ ಎಷ್ಟರವರೆಗೆ, ಬೈಕ್ ಮಾತ್ರ ಇದ್ದಾಗ ಎಷ್ಟು ಹೊತ್ತು ಕೆಂಪು, ಕಾರು ಬಂದ ಮೇಲೆ ಎಷ್ಟು ಹೊತ್ತಿಗೆ ಹಸಿರು, ಮಳೆ ಇತ್ತೋ ಇಲ್ಲವೋ, ಇಷ್ಟು ಬರೆ. ಗಾಡಿ ಸ್ಟ್ಯಾಂಡ್ ಹಾಕಿ ಪಕ್ಕದಿಂದ ಬೇರೆಯವರು ತೆಗೆದ ವಿಡಿಯೋ ಇದ್ದರೆ ಇನ್ನೂ ಒಳ್ಳೆಯದು. ಒಂದು ಪ್ರತಿ ಟ್ರಾಫಿಕ್ ಠಾಣೆಗೆ, ಒಂದು ಪಾಲಿಕೆಗೆ ಕೊಟ್ಟು ಸ್ವೀಕೃತಿ ಸಹಿ ಹಾಕಿಸಿಕೋ. ಆ ಜಾಗ ಹೆದ್ದಾರಿಗೆ ಸೇರಿದ್ದಾದರೆ ಹೆದ್ದಾರಿ ಸಹಾಯವಾಣಿ 1033ಕ್ಕೂ ಹೇಳು. ಕೊನೆಗೆ ಒಂದು ಬೇಡಿಕೆ ಸೇರಿಸು: ಸೆನ್ಸರ್ ಸರಿ ಆಗುವವರೆಗೆ ರಾತ್ರಿ ಹೊತ್ತು ಆ ಕಡೆಗೆ ಗಾಡಿ ಕಂಡರೂ ಕಾಣದಿದ್ದರೂ ಪ್ರತಿ ಸುತ್ತಿಗೆ ಸ್ವಲ್ಪ ಹಸಿರು ಬರುವ ಹಾಗೆ ಇಡಿ ಅಂತ. ಪೆಟ್ಟಿಗೆಯಲ್ಲಿ ಅದನ್ನು ಹಾಕಲು ಐದು ನಿಮಿಷ ಸಾಕು. ಅರ್ಜಿ ಬರೆದ ಮೇಲೆ ಇಲ್ಲಿ ಹಾಕು, ತಾಂತ್ರಿಕ ಪದ ಏನಾದರೂ ಬೇಕಿದ್ದರೆ ನಾನೂ ಮೇಷ್ಟ್ರೂ ನೋಡಿ ಕೊಡುತ್ತೇವೆ.